ಗಂಡನ ಹಳೇ 60 ಡಿಗ್ರಿ ವೆಡ್ಜ್ ನಂಗೆ ಆಗಿಬರ್ತಿಲ್ಲ, ಹೆಂಗಸರು ಯಾವ ವೆಡ್ಜ್ ತಗೋಬೇಕು?

ಅಮ್ಮತ್ತಿ_ಅಕ್ಕ
ಎಲ್ಲರಿಗೂ ನಮಸ್ಕಾರ. ವಯಸ್ಸು 47, ಎತ್ತರ 5 ಅಡಿ 1 ಇಂಚು, ಗಾಲ್ಫ್ ಶುರು ಮಾಡಿ ಎರಡು ವರ್ಷ ಆಯ್ತು. ಬಿಟ್ಟಂಗಾಲದಲ್ಲಿ ವಾರಕ್ಕೊಂದು ಸಲ ಆಡ್ತೀನಿ, ತೋಟದಲ್ಲಿ ಕಾಫಿ ಕುಯ್ಯೋ ಟೈಮಲ್ಲಿ ಅದೂ ಇಲ್ಲ. ಐರನ್ನು ಹೈಬ್ರಿಡ್ಡು ಎಲ್ಲಾ ಲೇಡೀಸ್ ಸೆಟ್ಟು, ಗ್ರಾಫೈಟ್ ಶಾಫ್ಟು (ದಂಡ), ಅದರಲ್ಲಿ ತೊಂದರೆ ಇಲ್ಲ. ಆದ್ರೆ ಸೆಟ್ಟು ಪಿಚಿಂಗ್ ವೆಡ್ಜಿಗೆ ಮುಗಿಯುತ್ತೆ (ವೆಡ್ಜ್ ಅಂದ್ರೆ ಬಾಲನ್ನ ಎತ್ತರಕ್ಕೆ ಎತ್ತಿ ಹತ್ತಿರಕ್ಕೆ ಬೀಳಿಸೋ ಕ್ಲಬ್ಬು, ಅಂದ್ರೆ ಗಾಲ್ಫ್ ಕೋಲು), ಅದರ ಕೆಳಗೆ ನಮ್ಮ ಯಜಮಾನ್ರು ಬಿಟ್ಟ ಹಳೇ 56 ಮತ್ತು 60 ಡಿಗ್ರಿ ವೆಡ್ಜು, ಎರಡೂ ಸ್ಟೀಲು. ಅವು ಕೈಗೆ ಬಂದ್ವು ಅಂದ್ರೆ ನನ್ನ ಆಟ ಮುಗೀತು. ಒಂದೋ ಬಾಲಿನ ಹಿಂದೆ ಗುದ್ದಲಿ ಹಾಕಿದ ಹಾಗೆ ಮಣ್ಣು ಅಗೀತೀನಿ, ಇಲ್ಲಾ ಬಾಲಿನ ಹೊಟ್ಟೆಗೆ ಬಿದ್ದು ಗ್ರೀನ್ (ಕುಳಿ ಇರೋ ಹುಲ್ಲಿನ ಜಾಗ) ದಾಟಿ ಆಚೆ ಕಾಡಿಗೆ. ಮೊನ್ನೆ ಒಂದೇ ಬಂಕರಲ್ಲಿ (ಮರಳು ಗುಂಡಿ) ಐದು ಹೊಡೆದೆ, ಆರನೇದನ್ನ ಕೈಯಲ್ಲೇ ಎತ್ತಿ ಎಸೆದೆ, ಜೊತೆಗಿದ್ದ ಮೂರು ಜನ ಆಕಾಶ ನೋಡ್ತಾ ನಿಂತಿದ್ರು. ಯಜಮಾನ್ರು ಹೇಳೋದು "ಎಲ್ಲರೂ 60 ಇಟ್ಕೊಂಡಿರ್ತಾರೆ, ನಿಂಗೆ ಅಭ್ಯಾಸ ಸಾಲದು" ಅಂತ. ಮುಂದಿನ ತಿಂಗಳು ನನ್ನ ಹುಟ್ಟಿದ ಹಬ್ಬ, ಹೊಸದು ತಗೊಳ್ಳಿ ಅಂದಿದ್ದೀನಿ. ಎಂತ ತಗೊಳ್ಳಲಿ ಹೇಳಿ.

ಪಂದಿಕರಿ_ಫ್ಯಾನ್
ಟೈಟಲ್ ನೋಡಿ ಗಾಬರಿ ಆಯ್ತು, ಕೊಡಗಿನಲ್ಲಿ ಕೂತ್ಕೊಂಡು ಯಾವ ವೆಜ್ ತಗೊಳ್ಳಲಿ ಅಂತ ಯಾರಪ್ಪ ಕೇಳ್ತಿರೋದು ಅಂತ 😂

ಹಳೇ_ಮೇಜರ್
ತಂಗಿ, ಬೇಜಾರು ಮಾಡ್ಕೋಬೇಡ. ಕುಣಿಯೋಕೆ ಬಾರದೋಳಿಗೆ ಅಂಗಳ ಡೊಂಕು ಅಂದ ಹಾಗಾಯ್ತು ಇದು. ನಾವು ರೆಜಿಮೆಂಟಲ್ಲಿ ಆಡುವಾಗ ಇಡೀ ಮೆಸ್ಸಿಗೆ ಒಂದು ಸ್ಯಾಂಡ್ ವೆಡ್ಜು, ಅದರಲ್ಲೇ ಬಂಕರ್, ಅದರಲ್ಲೇ ಚಿಪ್ (ಗ್ರೀನ್ ಪಕ್ಕದ ಸಣ್ಣ ಹೊಡೆತ), ಅದರಲ್ಲೇ ಹಾವೂ ಹೊಡೀತಿದ್ವಿ. ದಿನಾ 100 ಬಾಲ್ ಹೊಡಿ, ಮೂರು ತಿಂಗಳಲ್ಲಿ ಸರಿಹೋಗುತ್ತೆ.

ಪಾಲಿಬೆಟ್ಟ_12
ಮೇಜರ್ ಅಂಕಲ್, ನಿಮ್ಮ ಮೇಲೆ ಗೌರವ ಇಟ್ಕೊಂಡೇ ಹೇಳ್ತೀನಿ, ಇಲ್ಲಿ ಅಂಗಳ ನಿಜವಾಗ್ಲೂ ಡೊಂಕೇ ಇದೆ. ಅವರ ಐರನ್ ಶಾಫ್ಟು ಗ್ರಾಫೈಟು, 50-60 ಗ್ರಾಂ ಇರುತ್ತೆ. ಗಂಡಸರ ಸ್ಟೀಲ್ ವೆಡ್ಜಿನ ಶಾಫ್ಟು 115ರಿಂದ 130 ಗ್ರಾಂ. 7 ಐರನ್ನಿಂದ ಪಿಚಿಂಗ್ ವೆಡ್ಜ್ ತನಕ ಒಂದು ತೂಕ, ಆಮೇಲೆ ಇದ್ದಕ್ಕಿದ್ದ ಹಾಗೆ ಎರಡರಷ್ಟು. ನೀವು ಹಗುರ ಕತ್ತೀಲಿ ಕಾಡು ಸವರ್ತಾ ಇದ್ದವರ ಕೈಗೆ ಮಧ್ಯದಲ್ಲಿ ಕೊಡಲಿ ಕೊಟ್ಟು ಅದೇ ಲಯದಲ್ಲಿ ಬೀಸು ಅಂದ್ರೆ ಹೇಗೆ? ದಿನಾ 100 ಬಾಲ್ ಹೊಡೆದ್ರೆ ಮೊಣಕೈ ನೋವು ಬರುತ್ತೆ ಅಷ್ಟೇ.

ಅಕ್ಕ, ಮೂರು ವಿಷಯ ಹೇಳಿ. ಪಿಚಿಂಗ್ ವೆಡ್ಜ್ ಎಷ್ಟು ಯಾರ್ಡ್ ಹೋಗುತ್ತೆ, ಅದರ ಲಾಫ್ಟ್ (ಮುಖ ಹಿಂದಕ್ಕೆ ವಾಲಿರೋ ಕೋನ) ಎಷ್ಟು, ಮತ್ತೆ ಆ ಎರಡು ಹಳೇ ವೆಡ್ಜಿನ ತಳದಲ್ಲಿ ಎಂತ ನಂಬರ್ ಕೊರೆದಿದೆ?

ಅಮ್ಮತ್ತಿ_ಅಕ್ಕ
ಈಗಷ್ಟೇ ಬ್ಯಾಗ್ ಇಳಿಸಿ ನೋಡಿದೆ. 56ರಲ್ಲಿ "56 08" ಅಂತಿದೆ, ಇನ್ನೊಂದರಲ್ಲಿ "60 04". ಪಿಚಿಂಗ್ ವೆಡ್ಜಲ್ಲಿ ಬರೀ ಪಿ ಅಂತಿದೆ, ಸೆಟ್ಟಿನ ಪುಸ್ತಕದಲ್ಲಿ ಹುಡುಕಿದ್ರೆ 44 ಡಿಗ್ರಿ. ಅದು ಚೆನ್ನಾಗಿ ಬಿದ್ರೆ 70 ಯಾರ್ಡು. 56 ಚೆನ್ನಾಗಿ ಬಿದ್ರೆ 45, ಚೆನ್ನಾಗಿ ಬೀಳೋದು ಹತ್ತಕ್ಕೆ ಮೂರು. 60 ಎಷ್ಟು ಹೋಗುತ್ತೆ ಅಂತ ದೇವರಿಗೇ ಗೊತ್ತು, 20ಕ್ಕೂ ಹೋಗುತ್ತೆ 90ಕ್ಕೂ ಹೋಗುತ್ತೆ.

ಪಾಲಿಬೆಟ್ಟ_12
ಸಿಕ್ತು. ಉದ್ದ ಆಗುತ್ತೆ, ಕಾಫಿ ಇಟ್ಕೊಂಡು ಓದಿ.

ನಿಮ್ಮ 44ಕ್ಕೂ 56ಕ್ಕೂ ಮಧ್ಯೆ 12 ಡಿಗ್ರಿ ಖಾಲಿ. ಸಾಮಾನ್ಯವಾಗಿ ಒಂದು ವೆಡ್ಜಿಂದ ಇನ್ನೊಂದಕ್ಕೆ 4ರಿಂದ 6 ಡಿಗ್ರಿ ಅಂತರ ಇರಬೇಕು. ಹಿಂದೆ ಪಿಚಿಂಗ್ ವೆಡ್ಜ್ 48ರ ಹತ್ರ ಇರ್ತಿತ್ತು, ಈಗ ಕಂಪನಿಯೋರು ಬಾಲ್ ದೂರ ಹೋಗ್ಲಿ ಅಂತ ಲಾಫ್ಟ್ ಕಮ್ಮಿ ಮಾಡ್ತಾ ಮಾಡ್ತಾ 44, 43ಕ್ಕೆ ತಂದಿದ್ದಾರೆ, ಹೆಂಗಸರ ಸೆಟ್ಟಲ್ಲೂ ಅದೇ ಕಥೆ. ಹೀಗಾಗಿ 70ಕ್ಕೂ 45ಕ್ಕೂ ನಡುವೆ ಬಾಲ್ ಬಿದ್ರೆ ನಿಮ್ಮ ಹತ್ರ ಕ್ಲಬ್ಬೇ ಇಲ್ಲ. ಈಗ ಒಂದು 320 ಯಾರ್ಡಿನ ಪಾರ್ 4 (ನಾಲ್ಕು ಹೊಡೆತಕ್ಕೆ ಮುಗಿಸಬೇಕಾದ ಕುಳಿ) ತಗೊಳ್ಳಿ. ಡ್ರೈವ್ (ಮೊದಲ ಹೊಡೆತ) 140, ಹೈಬ್ರಿಡ್ 115 ಅಂತ ಇಟ್ಕೊಂಡ್ರೂ ಉಳಿಯೋದು 65. ಗಂಡಸರು ಅಲ್ಲಿಗೆ 8 ಐರನಲ್ಲಿ ಎರಡನೇ ಹೊಡೆತಕ್ಕೇ ಗ್ರೀನ್ ಮೇಲೆ ಇರ್ತಾರೆ, ನಮಗೆ ಮೂರನೇ ಹೊಡೆತ ಯಾವಾಗ್ಲೂ ವೆಡ್ಜೇ. ಅಂದ್ರೆ ವೆಡ್ಜ್ ಅವರಿಗಿಂತ ನಮಗೇ ಜಾಸ್ತಿ ಬೇಕು, ಅಂಗಡಿಯಲ್ಲಿ ಮಾತ್ರ ಲೇಡೀಸಿಗೆ ಒಂದು ಸ್ಯಾಂಡ್ ವೆಡ್ಜ್ ಸಾಕು ಮೇಡಂ ಅಂತಾರೆ.

ಎರಡನೇದು ಆ ತಳದ ನಂಬರ್. 04 ಅಂದ್ರೆ ಬೌನ್ಸ್, ತಳದ ಉಬ್ಬು ಮುಂದಿನ ಅಂಚಿಗಿಂತ ಎಷ್ಟು ಕೆಳಗೆ ಇಳಿದಿದೆ ಅನ್ನೋ ಕೋನ. 4 ಅಂದ್ರೆ ಹೆಚ್ಚುಕಮ್ಮಿ ಚಾಕು. ಗಟ್ಟಿ ನೆಲಕ್ಕೆ, ಬಾಲನ್ನ ಗುಡಿಸಿದ ಹಾಗೆ ಹೊಡೆಯೋರಿಗೆ ಸರಿ. ನಮ್ಮ ಮೆತ್ತಗಿನ ಕೆಂಪು ಮಣ್ಣಲ್ಲಿ, ಅದೂ ಮೇಲಿಂದ ಕುಕ್ಕೋ ಅಭ್ಯಾಸ ಇರೋರ ಕೈಲಿ, ಅದು ಸೀದಾ ಒಳಗೆ ಇಳಿಯುತ್ತೆ. ಒಂದ್ಸಲ ಇಳಿದ ಮೇಲೆ ಮುಂದಿನ ಸಲ ಭಯಕ್ಕೆ ಮೇಲೆ ಎತ್ತಿ ಹೊಡೀತೀವಿ, ಬಾಲಿನ ಹೊಟ್ಟೆಗೆ ಬೀಳುತ್ತೆ, ಕಾಡು ಸೇರುತ್ತೆ. ನಿಮ್ಮ ಎರಡು ಕಾಯಿಲೆಗೂ ಬೇರು ಒಂದೇ. 12ರಿಂದ 14 ಬೌನ್ಸು, ಅಗಲ ತಳ ಇರೋದು ನೋಡಿ.

ನನ್ನ ಲೆಕ್ಕ: ಒಂದು 50, ಒಂದು 55 ಅಥವಾ 56. ಎರಡೂ ಗ್ರಾಫೈಟು. 60 ಬೇಡವೇ ಬೇಡ. ಬ್ಯಾಗಲ್ಲಿ 14ಕ್ಕಿಂತ ಜಾಸ್ತಿ ಇಡೋ ಹಾಗಿಲ್ಲ, ಜಾಗ ಬೇಕಂದ್ರೆ 5 ಐರನ್ ತೆಗೀರಿ. ಹೇಗೂ ಅದನ್ನ ಎಷ್ಟು ಸಲ ಹೊಡೀತೀರಿ?

ಅಮ್ಮತ್ತಿ_ಅಕ್ಕ
5 ಐರನ್ ಮೇಲೆ ಅಂಟಿಸಿದ್ದ ಪ್ಲಾಸ್ಟಿಕ್ಕೇ ಇನ್ನೂ ಕಿತ್ತಿಲ್ಲ 🙈

ಮರ್ಕರ_ಮಂಜು
12-14 ಬೌನ್ಸಾ? ಸ್ವಲ್ಪ ತಡೀರಿ. ಕೊಡಗಂದ್ರೆ ವರ್ಷಪೂರ್ತಿ ಮಳೆ ಅಂತ ಟೂರಿಸ್ಟುಗಳು ಹೇಳ್ಲಿ, ನೀವು ಹೇಳ್ತೀರಲ್ಲ. ಜೂನಿಂದ ಆಗಸ್ಟ್ ತನಕ ಮಡಿಕೇರಿಯಲ್ಲಿ ಯಾರು ಆಡ್ತಾರೆ? ಮಂಜಲ್ಲಿ ಫ್ಲ್ಯಾಗ್ ಇರ್ಲಿ ನಮ್ಮ ಕಾಲೇ ನಮಗೆ ಕಾಣಲ್ಲ. ಆಡೋದು ಹೆಚ್ಚಾಗಿ ಪುತ್ತರಿಯಿಂದ (ನವೆಂಬರ್-ಡಿಸೆಂಬರಿನ ಸುಗ್ಗಿ ಹಬ್ಬ) ಮೇ ತನಕ. ಫೆಬ್ರವರಿ, ಮಾರ್ಚಲ್ಲಿ ಹೂಮಳೆ (ಕಾಫಿ ಹೂ ಅರಳಿಸೋ ಮಳೆ) ಬೀಳೋ ಮುಂಚೆ ನೆಲ ಕಾಫಿ ಕಣದ ಹಾಗೆ ಇರುತ್ತೆ. ಅದರ ಮೇಲೆ 14 ಬೌನ್ಸ್ ಇಟ್ರೆ ಮುಂದಿನ ಅಂಚು ಮೇಲೇ ನಿಲ್ಲುತ್ತೆ, ತಳ ನೆಲಕ್ಕೆ ಬಡಿದು ಹಾರಿ ಬಾಲಿನ ನೆತ್ತಿಗೆ ಹೊಡೆಯುತ್ತೆ. ಆಗ ಏನಂತೀರಿ?

ಪಾಲಿಬೆಟ್ಟ_12
ಮಂಜು, ನೀವು ಹೊಡೆಯೋದು ಯಾವ ಹುಲ್ಲಿನ ಮೇಲಿಂದ? ಫೇರ್ವೇ ಮಧ್ಯದಿಂದ. ಹೊಸಬರ ಬಾಲ್ ಎಲ್ಲಿರುತ್ತೆ? ಪಕ್ಕದ ಉದ್ದ ಹುಲ್ಲಲ್ಲಿ, ಇಲ್ಲಾ ಬಂಕರಲ್ಲಿ. ಅಲ್ಲಿ ಬೌನ್ಸೇ ಕಾಪಾಡೋದು.

ಮರ್ಕರ_ಮಂಜು
ಎಲ್ಲಾ ಹೆಂಗಸರ ಬಾಲೂ ರಫಲ್ಲೇ ಇರುತ್ತೆ ಅಂತ ನೀವೇ ಹೇಳ್ತಿದ್ದೀರಿ, ನಾನಲ್ಲ. ಸ್ಕ್ರೀನ್‌ಶಾಟ್ ತೆಗೆದಿಟ್ಕೊಂಡೆ.

ಪಾಲಿಬೆಟ್ಟ_12
ಹೊಸಬರ ಅಂದೆ. ಕನ್ನಡಕ ಹಾಕ್ಕೊಂಡು ಓದಿ.

ಗೋಣಿಕೊಪ್ಪ_ಗೋಲ್ಕೀಪರ್
ಇಬ್ರೂ ಸ್ವಲ್ಪ ಸ್ವಲ್ಪ ಸರಿ ಇದ್ದೀರಿ. 50 ತಗೊಳ್ಳೋದನ್ನ 8-10 ಬೌನ್ಸಲ್ಲಿ ತಗೊಳ್ಳಲಿ, ಅದು ಫೇರ್ವೇಯಿಂದ ಪೂರ್ತಿ ಹೊಡೆತಕ್ಕೆ. 56ನ್ನ 12ರ ಮೇಲೆ ತಗೊಳ್ಳಲಿ, ಬಂಕರಿಗೆ ಮತ್ತೆ ಉದ್ದ ಹುಲ್ಲಿಗೆ. ಫೆಬ್ರವರಿಯಲ್ಲಿ ಗಟ್ಟಿ ನೆಲದಿಂದ ಚಿಪ್ ಮಾಡಬೇಕಾದ್ರೆ 50ನ್ನೇ ಎತ್ಕೊಳ್ಳಲಿ. ಜಗಳ ಮುಗೀತಾ?

ನಾನು ಹೇಳೋಕೆ ಬಂದಿದ್ದು ಬೇರೆ. ಅಕ್ಕ, ನೀವು ಮುಂಚೆ ಹಾಕಿ ಆಡ್ತಿದ್ರಾ? ನಮ್ಮ ಊರಲ್ಲಿ ಸ್ಕೂಲಲ್ಲಿ ಹಾಕಿ ಆಡದ ಹುಡುಗಿ ಯಾರಿದ್ದಾರೆ ಹೇಳಿ. ನಾನು ಗಾಲ್ಫಿಗೆ ಬಂದಾಗ ಚಿಪ್ ಮಾಡೋದಂದ್ರೆ ಹಾಕಿಯ ಸ್ಕೂಪ್ ಅಂದ್ಕೊಂಡಿದ್ದೆ. ಬಾಲಿನ ಅಡಿಗೆ ಕೋಲು ತೂರಿಸಿ ಮಣಿಕಟ್ಟಲ್ಲಿ ಮೇಲಕ್ಕೆ ಎತ್ತೋದು. ಗಾಲ್ಫಲ್ಲಿ ಅದು ಮಹಾ ತಪ್ಪು, ಎತ್ತೋ ಕೆಲಸ ಲಾಫ್ಟಿಂದು, ನಮ್ಮ ಕೈದಲ್ಲ. ಕೈ ಸ್ವಲ್ಪ ಮುಂದೆ ಇಟ್ಟು ಕೆಳಮುಖವಾಗಿ ಹೊಡೆದ್ರೆ ಬಾಲ್ ತಾನೇ ಏಳುತ್ತೆ. ನನ್ನ ಕೋಚಿಗೆ ಇದನ್ನ ಬಿಡಿಸೋಕೆ ಒಂದು ಮಳೆಗಾಲ ಹಿಡೀತು.

ಅಮ್ಮತ್ತಿ_ಅಕ್ಕ
ಅಯ್ಯೋ ಹೌದು! ಲೆಫ್ಟ್ ಹಾಫ್ ಆಡ್ತಿದ್ದೆ. ಕೌಟುಂಬಿಕ ಹಾಕಿ ಹಬ್ಬದಲ್ಲಿ ಎರಡು ವರ್ಷ ನಮ್ಮ ಒಕ್ಕದ (ಮನೆತನದ) ಟೀಮಲ್ಲೂ ಇದ್ದೆ. ಮಣಿಕಟ್ಟು ತಿರುಗಿಸೋದು ರಕ್ತದಲ್ಲೇ ಇದೆ, ಇನ್ನು ಎಂತ ಮಾಡೋದು.

ಹಳೇ_ಮೇಜರ್
ನೋಡಿದ್ಯಾ, ಅಭ್ಯಾಸದ ತಪ್ಪು ಅಂತ ನಾನು ಮೊದಲೇ ಹೇಳಿದ್ದೆ.

ಪಾಲಿಬೆಟ್ಟ_12
ಅಂಕಲ್ 🙏

ಸಿದ್ದಾಪುರ_ಸೋಲಿಗ
ಸ್ವಲ್ಪ ವಿಷಯ ಬಿಟ್ಟು ಕೇಳ್ತೀನಿ. ಮೊನ್ನೆ ನಮ್ಮ ಕಡೆ ಬಾಲ್ ಸೀದಾ ಆನೆ ಲದ್ದಿ ಪಕ್ಕ ಹೋಗಿ ನಿಂತಿತ್ತು, ಸರಿಸಬಹುದು ಅಂತ ಒಬ್ರು, ಇದ್ದ ಹಾಗೇ ಹೊಡೀಬೇಕು ಅಂತ ಒಬ್ರು. ಯಾವುದು ಸರಿ?

ಗೋಣಿಕೊಪ್ಪ_ಗೋಲ್ಕೀಪರ್
ಪ್ರಾಣಿ ಲದ್ದಿ ಲೂಸ್ ಇಂಪೆಡಿಮೆಂಟ್, ಒಣಗಿದ ಎಲೆ ಇದ್ದ ಹಾಗೆ. ಪೆನಾಲ್ಟಿ ಇಲ್ಲದೆ ಸರಿಸಬಹುದು, ಆದ್ರೆ ಸರಿಸುವಾಗ ಬಾಲ್ ಅಲುಗಿದ್ರೆ ಒಂದು ಪೆನಾಲ್ಟಿ. ಲದ್ದಿ ಬಿಸಿ ಇದ್ರೆ ಬಾಲನ್ನ ಅಲ್ಲೇ ಬಿಟ್ಟು ಓಡೋದು ಒಳ್ಳೇದು, ಆನೆ ಪಕ್ಕದ ತೋಟದಲ್ಲೇ ಇರುತ್ತೆ.

ಪಂದಿಕರಿ_ಫ್ಯಾನ್
ಬಿಸಿನಾ ತಣ್ಣಗಾ ಅಂತ ಮುಟ್ಟಿ ನೋಡೋದು ಬ್ಯಾಗ್ ಹೊರೋ ಕ್ಯಾಡಿ ಕೆಲಸನಾ?

ಕುಶಾಲನಗರ_ಉದ್ದಕ್ಕ
ನನ್ನದು ಬೇರೆ ಅಭಿಪ್ರಾಯ. ಎತ್ತರ 5 ಅಡಿ 9, ಕಾಲೇಜಲ್ಲಿ ಬಾಸ್ಕೆಟ್‌ಬಾಲ್. ಬೆಂಗಳೂರಿನ ಒಂದು ಅಂಗಡಿಗೆ ಹೋದ್ರೆ ನನ್ನ ಮುಖ ನೋಡಿದ ತಕ್ಷಣ ಗುಲಾಬಿ ಗ್ರಿಪ್ಪಿನ ಲೇಡೀಸ್ ವೆಡ್ಜ್ ತಂದು ಇಟ್ಟ. ಎಷ್ಟು ಯಾರ್ಡ್ ಹೊಡೀತೀರಿ ಅಂತ ಒಂದು ಮಾತು ಕೇಳ್ಲಿಲ್ಲ. ಲೇಡೀಸ್ ವೆಡ್ಜ್ ಸಾಮಾನ್ಯವಾಗಿ ಗಂಡಸರದಕ್ಕಿಂತ ಒಂದು ಇಂಚು ಗಿಡ್ಡ, ನಾನು ಅದಕ್ಕೆ ಬಗ್ಗಿ ನಿಂತ್ರೆ ಗದ್ದೆ ನಾಟಿ ಮಾಡಿದ ಹಾಗಿರುತ್ತೆ. ಕೊನೆಗೆ ಗಂಡಸರ ಉದ್ದದಲ್ಲೇ 80 ಗ್ರಾಂ ಚಿಲ್ಲರೆ ಗ್ರಾಫೈಟ್ ಹಾಕಿಸ್ಕೊಂಡೆ, ಈಗ ಆರಾಮ. 60 ಡಿಗ್ರಿನೂ ಇಟ್ಟಿದ್ದೀನಿ, ಚೆನ್ನಾಗೇ ಹೊಡೀತೀನಿ. ಹೆಂಗಸರಿಗೆ 60 ಬೇಡ ಅಂತ ಒಂದೇ ಏಟಿಗೆ ಹೇಳಬೇಡಿ. ಕೈಯಲ್ಲಿ ವೇಗ ಇದ್ರೆ ಬೇಕು, ಇಲ್ಲದಿದ್ರೆ ಗಂಡಸರಿಗೂ ಬೇಡ.

ಪಾಲಿಬೆಟ್ಟ_12
ಒಪ್ಪಿದೆ. ನಾನು ಈ ಅಕ್ಕನಿಗೆ ಬೇಡ ಅಂದಿದ್ದು, ಎಲ್ಲಾ ಅಕ್ಕಂದಿರಿಗೆ ಅಲ್ಲ. ಪಿಚಿಂಗ್ ವೆಡ್ಜ್ 70 ಹೋಗೋರು 60 ಡಿಗ್ರಿ ಪೂರ್ತಿ ಬೀಸಿದ್ರೂ 35 ದಾಟಲ್ಲ, ಅಷ್ಟಕ್ಕೆ 56ನ್ನ ಅರ್ಧ ಬೀಸಿದ್ರೆ ಸಾಕಲ್ವಾ ಅನ್ನೋದು ನನ್ನ ವಾದ.

ಶಾಫ್ಟ್_ಡಾಕ್ಟರ್_ಮೈಸೂರು
ನಾನು ಕ್ಲಬ್ ರಿಪೇರಿ ಮಾಡೋನು, ಈ ಥ್ರೆಡ್ಡಲ್ಲಿ ಇನ್ನೂ ಯಾರೂ ಲೈ (ತಳ ನೆಲಕ್ಕೆ ಕೂತಾಗ ಶಾಫ್ಟು ನೆಲಕ್ಕೆ ಮಾಡೋ ಕೋನ) ಬಗ್ಗೆ ಹೇಳ್ಲಿಲ್ಲ ಅಂತ ಬಂದೆ. 5 ಅಡಿ 1 ಇಂಚಿನವರು ಗಂಡಸರ ಅಳತೆಯ ವೆಡ್ಜ್ ಹಿಡಿದ್ರೆ ಕೈ ತಗ್ಗಿಗೆ ಬರುತ್ತೆ, ಕ್ಲಬ್ಬಿನ ಮೂತಿ ಮೇಲೆದ್ದು ಹಿಮ್ಮಡಿ ಮಾತ್ರ ನೆಲಕ್ಕೆ ತಾಗುತ್ತೆ. ಆಗ ಬಲಗೈ ಆಟಗಾರರ ಬಾಲ್ ಎಡಕ್ಕೆ ಹೋಗುತ್ತೆ. ಲಾಫ್ಟ್ ಜಾಸ್ತಿ ಆದಷ್ಟೂ ಈ ತಪ್ಪು ಜಾಸ್ತಿ ಕಾಣುತ್ತೆ, 7 ಐರನಲ್ಲಿ ಗೊತ್ತೇ ಆಗಲ್ಲ, 56ರಲ್ಲಿ ಗ್ರೀನಿಂದ ಆಚೆ ಬೀಳುತ್ತೆ. ಮನೆಯಲ್ಲೇ ನೋಡಬೇಕಂದ್ರೆ ಮಾರ್ಕರ್ ಪೆನ್ನಲ್ಲಿ ಬಾಲ್ ಮೇಲೆ ಒಂದು ದಪ್ಪ ಗೆರೆ ಎಳೀರಿ, ಗೆರೆ ಕ್ಲಬ್ಬಿನ ಕಡೆಗೆ ನೆಟ್ಟಗೆ ನಿಲ್ಲೋ ಹಾಗೆ ಇಟ್ಟು ಹೊಡೀರಿ, ಮುಖದ ಮೇಲೆ ಅಚ್ಚು ಬೀಳುತ್ತೆ. ನೆಟ್ಟಗಿದ್ರೆ ಸರಿ, ವಾಲಿದ್ರೆ ಲೈ ಬಗ್ಗಿಸಬೇಕು.

ಇನ್ನೊಂದು, ದಯವಿಟ್ಟು ಗಂಡಸರ ಶಾಫ್ಟನ್ನ ಕತ್ತರಿಸಿ ಗಿಡ್ಡ ಮಾಡಿ ಲೇಡೀಸ್ ಮಾಡೋಕೆ ಹೋಗಬೇಡಿ. ಅರ್ಧ ಇಂಚು ಕತ್ತರಿಸಿದ್ರೆ ಸ್ವಿಂಗ್ ವೇಟ್ (ಬೀಸುವಾಗ ತಲೆ ಎಷ್ಟು ಭಾರ ಅನ್ನಿಸುತ್ತೆ ಅನ್ನೋ ಅಳತೆ) ಸುಮಾರು 3 ಪಾಯಿಂಟ್ ಇಳಿಯುತ್ತೆ, ಎರಡು ಇಂಚು ಅಂದ್ರೆ 12. ತಲೆ ಎಲ್ಲಿದೆ ಅಂತ ಕೈಗೆ ಗೊತ್ತೇ ಆಗಲ್ಲ. ಶಾಫ್ಟು ಇನ್ನೂ ಗಡುಸಾಗುತ್ತೆ, ಸ್ಟೀಲಿನ ತೂಕ ಮಾತ್ರ ಹೆಚ್ಚೇನೂ ಇಳಿಯಲ್ಲ. ವರ್ಷಕ್ಕೆ ಇಂಥ ಹತ್ತು ಕೇಸ್ ಬರುತ್ತೆ ನನ್ನ ಹತ್ರ, ಎಲ್ಲದರಲ್ಲೂ ಹ್ಯಾಕ್‌ಸಾ ಹಿಡಿದೋರು ಗಂಡನೇ.

ಅಮ್ಮತ್ತಿ_ಅಕ್ಕ
ಇದನ್ನ ಇವರಿಗೆ ಓದಿ ಹೇಳಿದೆ. ಸುಮ್ನೆ ಎದ್ದು ಹೋಗಿ ನಾಯಿಗೆ ಊಟ ಹಾಕ್ತಿದ್ದಾರೆ. ವರ್ಕ್‌ಶಾಪಲ್ಲಿ ಟೇಪು, ಗರಗಸ ಎಲ್ಲಾ ರೆಡಿ ಇಟ್ಟಿದ್ರಂತೆ.

ಮರ್ಕರ_ಮಂಜು
😂😂 ಜೀವ ಉಳೀತು.

ಡಾಕ್ಟ್ರೇ ಒಂದು ಡೌಟು, ಅವರ 56 08ನ್ನ ಬಗ್ಗಿಸಿ ಬೌನ್ಸ್ ಜಾಸ್ತಿ ಮಾಡಬಹುದಾ?

ಶಾಫ್ಟ್_ಡಾಕ್ಟರ್_ಮೈಸೂರು
ಲಾಫ್ಟ್ ಒಂದು ಡಿಗ್ರಿ ಜಾಸ್ತಿ ಮಾಡಿದ್ರೆ ಬೌನ್ಸೂ ಒಂದು ಡಿಗ್ರಿ ಏರುತ್ತೆ. 56ನ್ನ 58 ಮಾಡಿದ್ರೆ 8 ಹೋಗಿ 10 ಆಗುತ್ತೆ. ಮೆತ್ತನೆ ಕಬ್ಬಿಣದ್ದಾದ್ರೆ ಎರಡು ಡಿಗ್ರಿ ಬಗ್ಗುತ್ತೆ, ಗಟ್ಟಿ ಸ್ಟೇನ್‌ಲೆಸ್ ಎರಕದ್ದಾದ್ರೆ ಮುರಿದ್ರೂ ಮುರೀಬಹುದು. ಆದ್ರೆ ಅವರ ತೊಂದರೆ ತೂಕ, ಅದಕ್ಕೆ ಇದರಿಂದ ಪರಿಹಾರ ಇಲ್ಲ.

ವಿರಾಜಪೇಟೆ_ಟೀಚರ್
ನಾನು ಕ್ಲೀವ್‌ಲ್ಯಾಂಡ್ ಸಿಬಿಎಕ್ಸ್ ಲೇಡೀಸ್ ಬಳಸ್ತೀನಿ, ತಲೆಯ ಹಿಂದೆ ಕ್ಯಾವಿಟಿ (ಟೊಳ್ಳು) ಇರೋದು, ಗ್ರಾಫೈಟು. ಮುಖದ ಮಧ್ಯಕ್ಕೆ ಬೀಳದಿದ್ರೂ ಬಾಲ್ ತಕ್ಕಮಟ್ಟಿಗೆ ಹೋಗುತ್ತೆ. ಟಿವಿಯಲ್ಲಿ ಪ್ರೊಗಳ ಕೈಲಿ ಕಾಣೋ ಆ ತೆಳ್ಳಗಿನ ಬ್ಲೇಡ್ ವೆಡ್ಜ್ ನೋಡೋಕೆ ಚೆಂದ, ನಮ್ಮಂಥೋರಿಗೆ ಅಲ್ಲ. ಹೊಸದು ಒಂದಕ್ಕೆ ಹತ್ತು ಸಾವಿರ ದಾಟುತ್ತೆ, ಎರಡಂದ್ರೆ ಲೆಕ್ಕ ಹಾಕ್ಕೊಳ್ಳಿ. ಕಾಫಿ ರೇಟ್ ಚೆನ್ನಾಗಿರೋವಾಗ್ಲೇ ಕೇಳಿಬಿಡಿ ಅಕ್ಕ.

ಮತ್ತೆ ಗ್ರೂವ್ (ಮುಖದ ಮೇಲಿನ ಗೀರು) ಕ್ಲೀನ್ ಮಾಡ್ತೀರಾ? ಮಳೆಗಾಲದಲ್ಲಿ ಮುಖ ಒದ್ದೆ ಇದ್ರೆ ಬಾಲ್ ಜಾರಿ ಮೇಲೆ ಹೋಗುತ್ತೆ, ಸ್ಪಿನ್ ಇಲ್ಲ, ಬಿದ್ದ ಮೇಲೆ ನಿಲ್ಲಲ್ಲ. ಪ್ರತಿ ಹೊಡೆತಕ್ಕೂ ಮುಂಚೆ ಒರೆಸಿ. ನಾನು ಹಳೇ ಟೂತ್‌ಬ್ರಶ್ಶು, ಒಂದು ಒಣ ಬೈರಾಸು ಇಟ್ಕೊಂಡಿರ್ತೀನಿ. ಬೈರಾಸಿನ ಇನ್ನೊಂದು ತುದಿಯಲ್ಲಿ ಉಪ್ಪು ಕಟ್ಟಿರ್ತೀನಿ, ಜಿಗಣೆಗೆ.

ಸಿದ್ದಾಪುರ_ಸೋಲಿಗ
ನಮ್ಮ ಗಾಲ್ಫರ್ ಅದಿತಿ ಅಶೋಕ್ ನೋಡಿ ಕಲೀರಿ. ಟೋಕಿಯೋ ಒಲಿಂಪಿಕ್ಸಲ್ಲಿ ಅಷ್ಟು ಜನರಲ್ಲಿ ಆಕೆ ಡ್ರೈವ್ ತೀರಾ ಗಿಡ್ಡ, ಆದ್ರೂ ನಾಲ್ಕನೇ ಸ್ಥಾನ, ಒಂದೇ ಒಂದು ಹೊಡೆತದಲ್ಲಿ ಕಂಚು ತಪ್ಪಿತು. ದೂರ ಹೊಡೆಯೋಕೆ ಆಗದಿದ್ರೆ ಹತ್ತಿರದ್ದು ಚೆನ್ನಾಗಿ ಆಡಬೇಕು ಅಷ್ಟೇ.

ಮರ್ಕರ_ಮಂಜು
ಆಕೆ ಮಿಂಚಿದ್ದು ಪಟ್ಟಿಂಗಲ್ಲಿ (ಗ್ರೀನ್ ಮೇಲೆ ಬಾಲ್ ಉರುಳಿಸಿ ಕುಳಿಗೆ ಹಾಕೋದು), ವೆಡ್ಜಲ್ಲಿ ಅಲ್ಲ.

ಪಾಲಿಬೆಟ್ಟ_12
ಪಟ್ ಮಾಡೋಕೆ ಮೊದಲು ಬಾಲ್ ಗ್ರೀನ್ ಮೇಲೆ ಬರಬೇಕಲ್ಲಾ ಮಂಜು.

ಹಳೇ_ಮೇಜರ್
ಪಾಲಿಬೆಟ್ಟದ ಮಗಳು ಹೇಳಿದ ತೂಕದ ವಿಷಯ ಮನಸ್ಸಲ್ಲೇ ಉಳೀತು. ನಿನ್ನೆ ಅಡುಗೆಮನೆ ತಕ್ಕಡಿಯಲ್ಲಿ ಮನೆಯವಳ 9 ಐರನ್ನು, ನಾನು ಕೊಟ್ಟ ಸ್ಯಾಂಡ್ ವೆಡ್ಜು ಎರಡನ್ನೂ ಇಟ್ಟು ನೋಡಿದೆ. ಎಷ್ಟು ವ್ಯತ್ಯಾಸ ಬಂತು ಅಂತ ಇಲ್ಲಿ ಬರೆಯಲ್ಲ. ಅವಳು ಹನ್ನೊಂದು ವರ್ಷ ಅದರಲ್ಲೇ ಆಡಿದ್ದಾಳೆ, ಒಂದು ಮಾತು ಹೇಳಿಲ್ಲ.

ಬೌನ್ಸ್ ಬಗ್ಗೆ ಒಂದು ಹಳೇ ಕಥೆ ಇದೆ, ಹುಡುಗರಿಗೆ ಗೊತ್ತಿರಲಿ. ಮೊದಲೆಲ್ಲಾ ಬಂಕರಿಗೂ ನಿಬ್ಲಿಕ್ ಅಂತ ತೆಳು ಅಂಚಿನ ಕ್ಲಬ್ಬೇ ಗತಿ. ಜೀನ್ ಸಾರಜನ್ ಅಂತ ಅಮೆರಿಕದವನು ಅದರ ತಳದ ಹಿಂಭಾಗಕ್ಕೆ ಬೆಸುಗೆಯ ಸೀಸ ಕರಗಿಸಿ ಹಾಕಿ ಉಬ್ಬು ಮಾಡಿದ, ಮರಳಲ್ಲಿ ಹೂತು ಹೋಗದೆ ಜಾರಿ ಬರೋ ಹಾಗೆ. 1932ರಲ್ಲಿ ಅದನ್ನೇ ಹಿಡ್ಕೊಂಡು ಬ್ರಿಟಿಷ್ ಓಪನ್ ಗೆದ್ದ. ಅಂಗಳ ಡೊಂಕಿದ್ದಾಗ ಅವನೂ ಅಂಗಳ ಬಿಟ್ಟು ಕ್ಲಬ್ಬನ್ನೇ ಸರಿ ಮಾಡಿದ್ದು ಅಂತ ಈಗ ಹೊಳೀತಾ ಇದೆ.

ಕುಶಾಲನಗರ_ಉದ್ದಕ್ಕ
ಅಂಕಲ್, ಆಂಟಿಗೆ ಯಾವಾಗ ಹೊಸ ವೆಡ್ಜು?

ಹಳೇ_ಮೇಜರ್
ಆರ್ಡರ್ ಆಗಿದೆ. ಯಾವ ಕಲರ್ ಗ್ರಿಪ್ ಅಂತ ಕೇಳೋಕೆ ಧೈರ್ಯ ಬಂದಿಲ್ಲ.

ಅಮ್ಮತ್ತಿ_ಅಕ್ಕ
ಅಪ್ಡೇಟ್. ಟೀಚರ್ ಅವರ 56ನ್ನ ಒಂದು ಭಾನುವಾರಕ್ಕೆ ಕೊಟ್ಟಿದ್ರು, ಅವರಿಗೆ ತುಂಬಾ ಥ್ಯಾಂಕ್ಸ್. ಹಿಂದಿನ ದಿನ ಮಳೆ ಬಂದು ನೆಲ ಮೆತ್ತಗಿತ್ತು. ಮೊದಲ ಮೂರು ಹೊಡೆತ ಹಳೇ ಅಭ್ಯಾಸಕ್ಕೆ ಕೈಯಲ್ಲಿ ಜೋರು ಮಾಡಿದೆ, ಕ್ಲಬ್ ಹಗುರ ಅಲ್ವಾ, ಬಾಲಿಗಿಂತ ಮುಂಚೆ ನಾನೇ ಗ್ರೀನ್ ಸೇರೋ ಹಾಗಾಯ್ತು. ಆಮೇಲೆ ಕ್ಯಾಡಿ ಹುಡುಗ "ಆಂಟಿ, ಐರನ್ ಬೀಸಿದ ಹಾಗೇ ಬೀಸಿ, ಇದನ್ನ ಬೇರೆ ಅಂದ್ಕೋಬೇಡಿ" ಅಂದ. ಅದೇ ಬಂಕರು, ಅದೇ ಜಾಗ. ಬಾಲಿಗಿಂತ ಎರಡು ಬೆರಳು ಹಿಂದೆ ಹೊಡೆದೆ, ಕ್ಲಬ್ಬು ಒಳಗೆ ಸಿಕ್ಕಿಹಾಕ್ಕೊಳ್ಳೇ ಇಲ್ಲ, ಫಸ್ ಅಂತ ಜಾರಿ ಈಚೆ ಬಂತು. ಒಂದೇ ಏಟಿಗೆ ಹೊರಗೆ! ಫ್ಲ್ಯಾಗಿಂದ ಇನ್ನೂ ದೂರವೇ ಇತ್ತು, ಮೂರು ಪಟ್ ಆಯ್ತು, ಅದು ಬೇರೆ ಥ್ರೆಡ್ಡು.

ಮಾರ್ಕರ್ ಗೆರೆ ಪರೀಕ್ಷೆನೂ ಮಾಡಿದೆ. ಹಳೇ 56ರಲ್ಲಿ ಅಚ್ಚು ಮಳೆಗೆ ಬಿದ್ದ ಕರೆಂಟ್ ಕಂಬದ ಹಾಗೆ ವಾಲಿತ್ತು, ಟೀಚರದರಲ್ಲಿ ಹೆಚ್ಚುಕಮ್ಮಿ ನೆಟ್ಟಗೆ. 50 ಮತ್ತು 56, ಗ್ರಾಫೈಟು, ಎರಡೂ ಹೇಳಿದ್ದೀನಿ. 5 ಐರನ್ ಪ್ಲಾಸ್ಟಿಕ್ ಸಮೇತ ಅಟ್ಟ ಸೇರಿತು.

ಪಂದಿಕರಿ_ಫ್ಯಾನ್
ಆ 60 04 ಮಾರ್ತೀರಾ ಅಕ್ಕ? ಒಳ್ಳೇ ರೇಟ್ ಕೊಡ್ತೀನಿ.

ಅಮ್ಮತ್ತಿ_ಅಕ್ಕ
ಇಲ್ಲಪ್ಪ. ಹಂಗಾದ್ರೆ ನಾನೇ ಆಡಿ ತೋರಿಸ್ತೀನಿ ಅಂತ ಯಜಮಾನ್ರು ವಾಪಸ್ ಅವರ ಬ್ಯಾಗಿಗೆ ಹಾಕ್ಕೊಂಡಿದ್ದಾರೆ. ಭಾನುವಾರ ಮೂರು ಬಾಲ್ ಕಾಡಿಗೆ ಹೋಯ್ತು. ನಾನು ಆಕಾಶ ನೋಡ್ತಾ ನಿಂತಿದ್ದೆ.